ಹಳೆ ನಂಬರು, ಹೊಸ ನಂಬರು

ನಮ್ಮ ಗೇಟಿನ ಮೇಲೆ ಎರಡು ನಂಬರುಗಳಿವೆ. ಹಳೆಯದು 14, ಹೊಸದು 31. ಈ ವೆಸ್ಟ್ ಮಾಂಬಲದ ಬೀದಿಯಲ್ಲಷ್ಟೇ ಅಲ್ಲ, ಚೆನ್ನೈಯಲ್ಲಿ ಎಷ್ಟೋ ಕಡೆ ಹೀಗೇ. ಕಾರ್ಪೊರೇಷನ್ನಿನವರು ಹೊಸ ನಂಬರು ಕೊಟ್ಟರು, ಜನ ಹಳೆಯದನ್ನು ಬಿಡಲಿಲ್ಲ. ವಿಳಾಸ ಬರೆಯುವಾಗ ಎರಡನ್ನೂ ಬರೆಯುವುದು ಇಲ್ಲಿನ ರೂಢಿ. ಹಳೆ ನಂಬರು 31 ಬೇರೆಯವರ ಮನೆ, ಬೀದಿಯ ಆ ತುದಿಯಲ್ಲಿದೆ. ಮೊನ್ನೆ ಕೊರಿಯರ್ ಹುಡುಗ ಬರೀ 31 ಅಂತ ನೋಡಿಕೊಂಡು ಅಲ್ಲಿಗೆ ಹೋಗಿ, ಅವರನ್ನು ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿ, ಬೈಸಿಕೊಂಡು, ಬೆವರೊರೆಸುತ್ತಾ ನಮ್ಮಲ್ಲಿಗೆ ಬಂದ. ಒಂದು ಲೋಟ ನೀರುಮಜ್ಜಿಗೆ ಕೊಟ್ಟೆ.

ಅವನು ತಂದಿದ್ದು ಸಾಗರದಿಂದ ತಮ್ಮ ಕಳಿಸಿದ ಪೆನ್‌ಡ್ರೈವ್. ಅಪ್ಪ ಹೋಗಿ ಆರು ವರ್ಷವಾದ ಮೇಲೆ ಅಟ್ಟದ ಪೆಟ್ಟಿಗೆಯಲ್ಲಿ ಒಂದು ಸಿ.ಡಿ. ಸಿಕ್ಕಿತಂತೆ, ಮೇಲೆ ಅಪ್ಪನ ಅಕ್ಷರದಲ್ಲಿ 'ನೆನಪುಗಳು, 2004' ಅಂತ ಇತ್ತಂತೆ. ಅದನ್ನೇ ಪೆನ್‌ಡ್ರೈವಿಗೆ ಇಳಿಸಿ ಕಳಿಸಿದ್ದ. ಅಪ್ಪ ಕನ್ನಡ ಮೇಷ್ಟ್ರು. ನಿವೃತ್ತಿಯಾದ ಮೇಲೆ ಎರಡು ಬೆರಳಲ್ಲಿ ಕುಟ್ಟುತ್ತಾ ಕಂಪ್ಯೂಟರ್ ಕಲಿತದ್ದು ಗೊತ್ತಿತ್ತು, ಇಷ್ಟು ಬರೆದಿದ್ದಾರೆ ಅಂತ ಗೊತ್ತಿರಲಿಲ್ಲ. ಕೈ ನಡುಗುತ್ತಾ ಫೈಲು ತೆರೆದೆ. ನಲವತ್ತು ಪುಟ. ಒಂದೇ ಒಂದು ಕನ್ನಡ ಅಕ್ಷರ ಇಲ್ಲ. ಉದ್ದಕ್ಕೂ ಇಂಗ್ಲಿಷಿನ ಪಿ, ಕ್ಯೂ, ಪೌಂಡಿನ ಗುರುತು, ತಲೆ ಮೇಲೆ ಓರೆಗೀಟು ಹೊತ್ತ ಎ.

ಅಳು ಬಂತು. ಲ್ಯಾಪ್‌ಟಾಪ್ ಎತ್ತಿಕೊಂಡು ಹಿತ್ತಿಲಿಗೆ ಹೋದೆ. ನಮಗೂ ಪಕ್ಕದ ಮನೆ ಮಾಮಿಗೂ ನಡುವೆ ಎದೆಯೆತ್ತರದ ಗೋಡೆ. ಆ ಕಡೆ ನುಗ್ಗೆ, ಈ ಕಡೆ ಕರಿಬೇವು. ಮಾಮಿ ತಮಿಳಿನಲ್ಲಿ ಮಾತಾಡುತ್ತಾರೆ, ನಾನು ಅರ್ಧ ಅದು ಅರ್ಧ ಇದು. ಇಪ್ಪತ್ತು ವರ್ಷದಿಂದ ನಮ್ಮ ಸುಖದುಃಖವೆಲ್ಲ ಆ ಗೋಡೆಯ ಮೇಲೆಯೇ ಸಾಗಿದೆ. ಆವತ್ತು ಮಾಮಿ ಹಳೆ ಸೀರೆ ಹಾಸಿ ಅಕ್ಕಿ ಸಂಡಿಗೆ ಒಣಗಿಸುತ್ತಿದ್ದರು. ತಮಿಳರ ಆನಿ ತಿಂಗಳ ಕೊನೆಯ ಬಿಸಿಲು.

"ಏನಮ್ಮಾ, ಮುಖ ಯಾಕೆ ಹೀಗಿದೆ?"

ಪರದೆ ಅವರ ಕಡೆ ತಿರುಗಿಸಿದೆ. "ಅಪ್ಪ ಬರೆದದ್ದು ಮಾಮಿ. ಹಾಳಾಗಿಹೋಗಿದೆ."

ಮಾಮಿ ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡರು. ಅವರು ಮೂವತ್ತು ವರ್ಷ ತಂತಿ ಕಚೇರಿಯಲ್ಲಿ ಟೆಲಿಪ್ರಿಂಟರ್ ಮುಂದೆ ಕೂತವರು. ನಮ್ಮ 'ತಂತಿ' ಅವರಿಗೆ 'ತಂದಿ'. ಅವರಿಗೆ ಕನ್ನಡ ಲಿಪಿ ಓದಲು ಬಾರದು, ಆದರೂ ಬಹಳ ಹೊತ್ತು ನೋಡಿದರು. ಆಮೇಲೆ ಬೆರಳಿಟ್ಟು ತೋರಿಸಿದರು.

"ಇದು ಹಾಳಾಗಿಲ್ಲಮ್ಮಾ. ಹಾಳಾದದ್ದು ಹೀಗಿರಲ್ಲ. ಇಲ್ಲಿ ನೋಡು, ಈ ಕೊಂಬಿನ ಎ ಒಂದು ಬಿಟ್ಟು ಒಂದು ಬರ್ತಾ ಇದೆ. ನಿಮ್ಮ ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಅಂಟಿಕೊಂಡಿರೋ ಗುರುತು ಏನಾದ್ರೂ ಇದೆಯಾ?"

ತಲೆಕಟ್ಟು! ಒಂದನೇ ಕ್ಲಾಸಿನಲ್ಲಿ ಅಪ್ಪನೇ ಸ್ಲೇಟಿನ ಮೇಲೆ ತಿದ್ದಿಸಿದ ತಲೆಕಟ್ಟು. ಮೊದಲ ಪದವನ್ನು ಮತ್ತೆ ನೋಡಿದೆ. ಪಿ, ಕೊಂಬಿನ ಎ. ಪೌಂಡಿನ ಗುರುತು, ಕೊಂಬಿನ ಎ. ಆಮೇಲೆ ಜರ್ಮನ್ನರ ಜೋಡಿ ಎಸ್. ಆಮೇಲೆ ಕ್ಯೂ, ಮತ್ತೆ ಕೊಂಬಿನ ಎ. ಕ-ದ ಮೈ, ತಲೆಕಟ್ಟು, ನ-ದ ಮೈ, ತಲೆಕಟ್ಟು, ನ-ದ ಒತ್ತು, ಡ-ದ ಮೈ, ತಲೆಕಟ್ಟು. 'ಕನ್ನಡ'. ಅಪ್ಪನ ಮೊದಲ ಪದ ಅಲ್ಲೇ ಕೂತಿತ್ತು.

ನಾನು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದವಳು, ಈ ವಿಷಯ ನನಗೆ ಗೊತ್ತಿಲ್ಲದ್ದಲ್ಲ. ಅಪ್ಪನ ಫೈಲು ಅಂದಾಗ ಬುದ್ಧಿ ಮಂಕಾಗಿತ್ತು, ಅಷ್ಟೆ. ಕಂಪ್ಯೂಟರಿಗೆ ಅಕ್ಷರದ ಆಕಾರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಒಂದು ಬೈಟ್ ಅಂದರೆ 0ಯಿಂದ 255ರವರೆಗೆ ಯಾವುದೋ ಒಂದು ಸಂಖ್ಯೆ ಹಿಡಿಯುವಷ್ಟು ಜಾಗ. ಅಪ್ಪನ 'ಕನ್ನಡ' ಆ ಫೈಲಿನಲ್ಲಿ 80, 192, 163, 192, 223, 113, 192 ಅಂತ ಏಳು ಬೈಟುಗಳಾಗಿ ಉಳಿದಿತ್ತು. ಅಪ್ಪನ ಯಂತ್ರದಲ್ಲಿದ್ದ ಕನ್ನಡ ಫಾಂಟು 80 ಕಂಡಲ್ಲಿ ಕ-ದ ಮೈ ಬರೆಯುತ್ತಿತ್ತು, 192 ಕಂಡಲ್ಲಿ ತಲೆಕಟ್ಟು ಕೂರಿಸುತ್ತಿತ್ತು. ನನ್ನ ಯಂತ್ರದಲ್ಲಿ ಆ ಫಾಂಟಿಲ್ಲ. ಅದಕ್ಕೆ ತಿಳಿದಂತೆ 80 ಅಂದರೆ ಇಂಗ್ಲಿಷಿನ ಪಿ. ಸಂಖ್ಯೆ ಒಂದೂ ಕೆಟ್ಟಿಲ್ಲ, ಓದಿದ ಪಟ್ಟಿ ಬೇರೆ.

"ಕೊರಿಯರ್ ಹುಡುಗ ಹಳೆ ನಂಬರಿನ ಮನೆಗೆ ಹೋದ ಹಾಗೆ" ಅಂದೆ.

"ನಮ್ಮ ಆಫೀಸಲ್ಲೂ ಇದೇ ಇತ್ತಲ್ಲ!" ಮಾಮಿ ಗೋಡೆಗೆ ಒರಗಿದರು. ಇನ್ನು ಸಂಡಿಗೆ ತನ್ನ ಪಾಡಿಗೆ ಒಣಗಬೇಕು. "ಮದುವೆಗೆ, ಹಬ್ಬಕ್ಕೆ, ಪರೀಕ್ಷೆ ಪಾಸಾದ್ದಕ್ಕೆ ಶುಭಾಶಯದ ವಾಕ್ಯಗಳಿಗೆ ಒಂದೊಂದು ನಂಬರು. ಗೋಡೆ ಮೇಲೆ ಪಟ್ಟಿ ಹಾಕಿರ್ತಿದ್ರು. ಜನ ನಂಬರು ಬರೆದು ಕೊಡೋರು, ನಾವು ನಂಬರು ಮಾತ್ರ ಕಳಿಸೋದು. ಆ ಊರಲ್ಲಿ ಪಟ್ಟಿ ನೋಡಿ ವಾಕ್ಯ ಬರೆದು ಮನೆಗೆ ತಲುಪಿಸೋರು. ಒಂದು ಅಂಕಿ ತಪ್ಪಿದ್ರೆ ಮದುವೆ ಮನೆಗೆ ದೀಪಾವಳಿ ಶುಭಾಶಯ ಹೋಗ್ತಿತ್ತು."

ನಮ್ಮೂರ ಕಡೆ ತಂತಿ ಬಂತೆಂದರೆ ಓದುವ ಮೊದಲೇ ಅಳು ಶುರುವಾಗುತ್ತಿತ್ತು. 'ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯಟ್ಲಿ.' ಅಜ್ಜನ ಸುದ್ದಿ ಅಪ್ಪನಿಗೆ ಬಂದದ್ದು ಹಾಗೆಯೇ. ಕನ್ನಡದಲ್ಲಿ ಹೇಳಬೇಕೆಂದರೆ ರೋಮನ್ ಅಕ್ಷರದಲ್ಲಿ ಬರೆದು ಕಳಿಸಬೇಕಿತ್ತು, ಯಂತ್ರದಲ್ಲಿ ನಮ್ಮ ಅಕ್ಷರಕ್ಕೆ ಜಾಗ ಎಲ್ಲಿತ್ತು? ಮಾಮಿಯ ಟೆಲಿಪ್ರಿಂಟರಿನ ಕಾಗದಪಟ್ಟಿಯಲ್ಲಿ ಒಂದು ಅಕ್ಷರಕ್ಕೆ ಐದು ತೂತಿನ ಜಾಗ. ತೂತು ಇದೆ, ಇಲ್ಲ. ಹಾಗೆ ಲೆಕ್ಕ ಹಾಕಿದರೆ ಒಟ್ಟು 32 ಜೋಡಣೆ. ಇಂಗ್ಲಿಷಿನ 26 ಅಕ್ಷರಗಳಿಗೇ ಅದು ಹೆಚ್ಚುಕಡಿಮೆ ಮುಗಿಯುತ್ತದೆ. 1963ರಲ್ಲಿ ಅಮೆರಿಕದಲ್ಲಿ ಆಸ್ಕಿ ಎಂಬ ಸಂಕೇತ ಬಂದಾಗ 128 ಜಾಗವಾಯಿತು. ಅಲ್ಲೂ ಅವರ ಅಕ್ಷರ, ಅವರ ಅಂಕಿ, ಅವರ ಚಿಹ್ನೆ. ನಮ್ಮವರು ಆಮೇಲೆ ಬೈಟಿನ ಮಿಕ್ಕರ್ಧದಲ್ಲಿ ಭಾರತೀಯ ಅಕ್ಷರಗಳನ್ನು ಕೂರಿಸಿ ಇಸ್ಕಿ ಮಾಡಿದರು. 1991ರಲ್ಲಿ ಅದು ಭಾರತೀಯ ಮಾನಕವಾಯಿತು. ಅದರ ಸೊಗಸೆಂದರೆ ನಾಗರಿಯ, ತಮಿಳಿನ, ಕನ್ನಡದ ಕ-ಕ್ಕೆಲ್ಲ ಒಂದೇ ಸಂಖ್ಯೆ. ನಮ್ಮ ಲಿಪಿಗಳೆಲ್ಲ ಒಂದೇ ವರ್ಣಮಾಲೆಯ ಮಕ್ಕಳು ಎಂದು ತಿಳಿದವರು ಮಾಡಿದ ಕೆಲಸ ಅದು.

ಆದರೆ ಮನೆಮನೆಯಲ್ಲಿ, ಡಿ.ಟಿ.ಪಿ. ಅಂಗಡಿಗಳಲ್ಲಿ ಓಡಿದ್ದು ಅಪ್ಪನ ಫೈಲಿನಂಥ ಫಾಂಟುಗಳೇ. ಅವನ್ನು ನಾನು ಹಳಿಯುವುದಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಮೊದಲೇ ಇತ್ತು. ಎಪ್ಪತ್ತರ ಹತ್ತಿರದ ಹಳ್ಳಿ ಮೇಷ್ಟ್ರೊಬ್ಬರು ತಮ್ಮ ಭಾಷೆಯಲ್ಲಿ ಟೈಪು ಮಾಡುವಂತಾಗಿದ್ದು ಇಂಥವರ ದುಡಿಮೆಯಿಂದ. ಮೈ ಬೇರೆ, ತಲೆಕಟ್ಟು ಬೇರೆ, ಒತ್ತು ಬೇರೆ ಎಂಬ ಉಪಾಯವೂ ಅಚ್ಚುಮೊಳೆಯ ಕಾಲದ್ದೇ. ಚಂದಮಾಮ ಕನ್ನಡದಲ್ಲಿ ಶುರುವಾದದ್ದು 1949ರಲ್ಲಿ, ಇದೇ ಚೆನ್ನೈಯಿಂದ. ವಡಪಳನಿಯಿಂದ ಹೊರಟ ಆ ಪುಸ್ತಕ ಸಾಗರದ ನಮ್ಮ ಜಗಲಿಗೆ ಬರುತ್ತಿತ್ತು. ಆಗಿನ ಮುದ್ರಣಾಲಯಗಳಲ್ಲಿ ಕೈಯಿಂದ ಮೊಳೆ ಜೋಡಿಸುವವರು ಅಕ್ಷರವನ್ನು ತುಂಡುತುಂಡಾಗಿ ಹೆಕ್ಕಿ ಪಕ್ಕಪಕ್ಕ ಇಡುತ್ತಿದ್ದರು. ಫಾಂಟು ಮಾಡಿದವರು ಅದನ್ನೇ ಪರದೆಗೆ ತಂದರು. ತೊಡಕು ಒಂದೇ: ಆ ಪಟ್ಟಿ ಗೊತ್ತಿಲ್ಲದ ಯಂತ್ರಕ್ಕೆ ಅದು ಕನ್ನಡವೇ ಅಲ್ಲ.

"ಸರಿ, ಹೊಸ ನಂಬರು ಹೇಗೆ?" ಮಾಮಿ ಕೇಳಿದರು.

ಒಳಗೆ ಹೋಗಿ ದಿನಕ್ಕೊಂದು ಹರಿಯುವ ಕ್ಯಾಲೆಂಡರಿನ ನಾಲ್ಕು ಹಳೆ ಹಾಳೆ ತಂದೆ. ಯೂನಿಕೋಡ್ ಎನ್ನುವುದು ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಊರಿನಲ್ಲಿ ಮನೆ ಕೊಟ್ಟ ಏರ್ಪಾಡು. ಅದರ ಮೊದಲ ಆವೃತ್ತಿ ಬಂದದ್ದೂ 1991ರಲ್ಲೇ. ಇಸ್ಕಿಯ ಅಚ್ಚನ್ನೇ ಹಿಡಿದು ನಮ್ಮ ಲಿಪಿಗಳನ್ನು ಒಂದೇ ಬೀದಿಯಲ್ಲಿ ಕೂರಿಸಿದರು. ಮನೆಗೆ 128 ಕೋಣೆ. ತಮಿಳಿನ ಪಕ್ಕ ತೆಲುಗು, ತೆಲುಗಿನ ಪಕ್ಕ ಕನ್ನಡ, ಆಮೇಲೆ ಮಲಯಾಳ. ತಮಿಳಿನ ಕ 2965. ಅದಕ್ಕೆ 128 ಸೇರಿಸಿದರೆ ತೆಲುಗಿನ ಕ, 3093. ಇನ್ನೊಂದು 128 ಸೇರಿಸಿದರೆ ನಮ್ಮ ಕ, 3221. ಮತ್ತೆ 128, ಮಲಯಾಳದ್ದು, 3349. ಮನೆ ಬೇರೆಯಾದರೂ ಅಡುಗೆಮನೆ ಎಲ್ಲರಿಗೂ ಅದೇ ಮೂಲೆಯಲ್ಲಿ.

"3221 ಒಂದು ಬೈಟಲ್ಲಿ ಹಿಡಿಯಲ್ಲವಲ್ಲ" ಅಂದರು ಮಾಮಿ. ಲೆಕ್ಕದಲ್ಲಿ ಅವರು ಗಟ್ಟಿ.

ಹಿಡಿಯುವುದಿಲ್ಲ. ಅದನ್ನು ಮೂರು ಬೈಟಿಗೆ ಹಂಚುವ ಬಗೆಯೇ ಯುಟಿಎಫ್-8. 1992ರಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಎಂಬಿಬ್ಬರು ನ್ಯೂಜರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಾಗ ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಅದನ್ನು ಗೀಚಿದರು. ನಾನು ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಗೀಚಿದೆ. 3221ನ್ನು 64ರಿಂದ ಭಾಗಿಸು: 50 ಬಂತು, 21 ಉಳಿಯಿತು. ಎರಡಕ್ಕೂ 128 ಕೂಡಿಸು: 178, 149. ಇವುಗಳ ಮುಂದೆ 224 ಇಡು. 224, 178, 149. ಇದೇ ಕ. ಮೊದಲಿನ 224 'ನಾವು ಒಟ್ಟು ಮೂವರು' ಎಂದು ಸಾರುತ್ತದೆ. ಕೂಡಿಸಿದ 128 'ನಾನು ಹಿಂದೆ ಬಂದವನು' ಎನ್ನುವ ಗುರುತು.

"ಅಯ್ಯೋ, ಇದು ನಮ್ಮದೇ!" ಮಾಮಿಯ ಕಣ್ಣರಳಿತು. "ಪ್ರತಿ ತಂತಿಯ ತಲೆಯಲ್ಲೂ ಒಟ್ಟು ಎಷ್ಟು ಪದ ಅಂತ ಮೊದಲೇ ಕಳಿಸ್ತಿದ್ವಿ. ಆ ಕಡೆಯವರು ಎಣಿಸಿ ನೋಡೋರು. ಒಂದು ಪದ ಕಮ್ಮಿ ಬಿದ್ರೆ ತಕ್ಷಣ ವಾಪಸ್ ಕೇಳೋರು. ಕೊಡು ಇಲ್ಲಿ, ನಮ್ಮ ಕ ನಾನು ಮಾಡ್ತೀನಿ."

ಪೆನ್ನು ಕಿತ್ತುಕೊಂಡು 2965ನ್ನು 64ರಿಂದ ಭಾಗಿಸಿದರು. 46, ಉಳಿದದ್ದು 21. 224, 174, 149. ಹಾಳೆ ಎತ್ತಿ ನನ್ನದರ ಪಕ್ಕ ಹಿಡಿದರು. ತಲೆ ಒಂದೇ, ಬಾಲ ಒಂದೇ, ನಡುವೆ ಮಾತ್ರ 174, 178. ತೆಲುಗಿನದು ಮಾಡಿದರು: 176. ಮಲಯಾಳದ್ದು: 180. ಒಂದು ಕ್ಷಣ ಇಬ್ಬರೂ ಸುಮ್ಮನೆ ನೋಡುತ್ತಾ ನಿಂತೆವು. 174, 176, 178, 180. ಬೀದಿಯ ಒಂದೇ ಸಾಲಿನ ಮನೆ ನಂಬರುಗಳು. ಇಷ್ಟು ವರ್ಷ ಈ ಕೆಲಸದಲ್ಲಿದ್ದು ನಾನೇ ಒಂದು ದಿನವೂ ಹೀಗೆ ಸಾಲಾಗಿ ಬರೆದು ನೋಡಿರಲಿಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ಈ ಹೊಸ ನಂಬರಿನಲ್ಲಿ 'ಕನ್ನಡ' ಬರೆದರೆ ಕ, ನ, ಅರ್ಧಾಕ್ಷರದ ಗುರುತು, ಮತ್ತೆ ನ, ಡ ಎಂದು ಐದು ಸಂಕೇತ, ಹದಿನೈದು ಬೈಟು. ಅಪ್ಪನ ಫೈಲಿನಲ್ಲಿ ಏಳೇ ಇತ್ತು. ಮೊಬೈಲಿನ ಎಸ್ಸೆಮ್ಮೆಸ್ಸಿನ ಸಂಕೇತ ಇನ್ನೂ ಬೇರೆ. ಅಲ್ಲೂ ಇಂಗ್ಲಿಷಿಗೆ 160 ಅಕ್ಷರ ಸಿಕ್ಕರೆ ಕನ್ನಡಕ್ಕೂ ತಮಿಳಿಗೂ 70. ಪದಕ್ಕಿಷ್ಟು ಎಂದು ಕಾಸು ಎಣಿಸಿದ ಮಾಮಿಗೆ ಇದು ಸರಿಬರಲಿಲ್ಲ. ನನಗೂ ಬರುವುದಿಲ್ಲ. ಆದರೂ ಈಗ ಯಾವ ಊರಿನ ಯಾವ ಯಂತ್ರ ತೆರೆದರೂ ಕ ಎಂದರೆ ಕ. ಅದಕ್ಕೆ ಈ ಬೆಲೆ ನಾನು ಕೊಡುತ್ತೇನೆ.

ಮಾಮಿಗೆ ಇನ್ನೊಂದು ಕಾಣಿಸಿತು. ನಾನು ತೋರಿಸಿದ ಪಟ್ಟಿಯಲ್ಲಿ ತಮಿಳಿನ ಕ ಆದ ಮೇಲೆ ಮೂರು ಕೋಣೆ ಖಾಲಿ, ಆಮೇಲೆ ಙ. ನಮ್ಮ ಖ, ಗ, ಘ ಇರುವ ಜಾಗ. ತಮಿಳಿಗೆ ಅವು ಬೇಡ. "ಖಾಲಿ ಕೋಣೆ ಇಟ್ಕೊಂಡು, ನಮ್ಮ ಕಾ, ಕಿ, ಕೀಗೆ ಸ್ವಂತ ಕೋಣೆ ಕೊಡಲಿಲ್ಲವಾ?" ಎಂದು ಕೇಳಿದರು. ಅವರ ಈ ಪ್ರಶ್ನೆ ತಮಿಳು ವಿದ್ವಾಂಸರದ್ದೂ ಹೌದು. 247 ಅಕ್ಷರಗಳಲ್ಲಿ ಪ್ರತಿಯೊಂದಕ್ಕೂ ಒಂದೊಂದು ಸಂಖ್ಯೆ ಬೇಕೆಂದು ಅವರು ಬೇರೆ ಸಂಕೇತವನ್ನೇ ಕಟ್ಟಿದರು. 2010ರಲ್ಲಿ ತಮಿಳುನಾಡು ಸರ್ಕಾರ ಯೂನಿಕೋಡಿನ ಜೊತೆಗೆ ಅದನ್ನೂ ಒಪ್ಪಿ ಆದೇಶ ಹೊರಡಿಸಿತು. ಅದಕ್ಕೂ ಮೊದಲು, 1999ರಲ್ಲಿ, ಇದೇ ಊರಿನ ಸಮ್ಮೇಳನದಲ್ಲಿ ತಮಿಳು ಕೀಲಿಮಣೆಗೆ ಒಂದು ಮಾನಕ ಗೊತ್ತು ಮಾಡಿದ್ದರು. ಅಕ್ಷರದ ಸಂಖ್ಯೆಗಾಗಿ ಸರ್ಕಾರವೇ ಸಭೆ ಕರೆದು ಚರ್ಚಿಸುವುದನ್ನು ಕಂಡಾಗ ಈ ಊರಿನ ಮೇಲೆ ನನಗೆ ಗೌರವ ಹೆಚ್ಚುತ್ತದೆ.

ಆ ರಾತ್ರಿ ಪರಿವರ್ತಕವೊಂದನ್ನು ಹುಡುಕಿ ಅಪ್ಪನ ಫೈಲನ್ನು ಹೊಸ ನಂಬರಿಗೆ ತಂದೆ. ನಲವತ್ತು ಪುಟವೂ ಕನ್ನಡವಾಗಿ ಎದ್ದು ಕೂತವು. ಬೆಳಗಿನ ಜಾವದವರೆಗೆ ಓದಿದೆ.

ಒಂದು ತೊಡಕು ಉಳಿದಿತ್ತು. ಎಷ್ಟೋ ಕಡೆ 'ವರ್ಷ' ಎಂದಿರಬೇಕಾದಲ್ಲಿ 'ವಷ೯', 'ಸೂರ್ಯ' ಎಂದಿರಬೇಕಾದಲ್ಲಿ 'ಸೂಯ೯'. ಮೊದಲು ಕಣ್ಣಿಗೆ ಬೀಳಲೇ ಇಲ್ಲ, ನೋಡಲು ಅಷ್ಟು ಒಂದೇ ಥರ. 'ವರ್ಷ' ಎಂದು ಹುಡುಕಿದಾಗ ಅರ್ಧಕ್ಕರ್ಧ ಸಿಗದೆ ಹೋದಾಗ ಗೊತ್ತಾಯಿತು. ಅರ್ಕಾವತ್ತಿನ ಕೀಲಿ ಸಿಗದಾಗಲೆಲ್ಲ ಅಪ್ಪ ಕನ್ನಡದ ಒಂಬತ್ತು ಒತ್ತಿದ್ದರು. ಕಣ್ಣಿಗೆ ಅರ್ಕಾವತ್ತು, ಯಂತ್ರಕ್ಕೆ ಒಂಬತ್ತು. ಅಪ್ಪನೊಬ್ಬರೇ ಅಲ್ಲ, ಮದುವೆ ಕಾಗದಗಳಲ್ಲಿ, ಅಂಗಡಿ ಬೋರ್ಡುಗಳಲ್ಲಿ ಈ ಒಂಬತ್ತನ್ನು ಎಷ್ಟು ಕಡೆ ನೋಡಿಲ್ಲ? ಹಳೆ ಫಾಂಟಿನಲ್ಲಿ ಸರಿಯಾದ ಅರ್ಕಾವತ್ತು ಒತ್ತಿದ್ದರೂ ಅದು ವ, ಷ ಆದ ಮೇಲೆ ಕೊನೆಗೆ ಕೂರುತ್ತಿತ್ತು, ಕೈ ಬರೆಯುವ ಕ್ರಮದಲ್ಲಿ. ಯೂನಿಕೋಡಿನಲ್ಲಿ ನಾಲಿಗೆ ಆಡುವ ಕ್ರಮ: ವ, ರ್, ಷ. ಹೀಗಾಗಿ ಪರಿವರ್ತಕ ಅದನ್ನು ಹಿಂದಕ್ಕೆ ಎತ್ತಿಡಬೇಕು. ಸರಿಯಾದವನ್ನೆಲ್ಲ ಅದು ಎತ್ತಿಟ್ಟಿತ್ತು. ಒಂಬತ್ತನ್ನು ಅಂಕಿ ಎಂದು ನಂಬಿ ಬಿಟ್ಟಿತ್ತು.

ಬೆಳಿಗ್ಗೆ ಗೋಡೆ ಹತ್ತಿರ ಇದನ್ನು ಹೇಳಿದರೆ ಮಾಮಿ ನಕ್ಕರು. "ನಮ್ಮ ಟೆಲಿಪ್ರಿಂಟರಲ್ಲಿ ಅಕ್ಷರಕ್ಕೂ ಅಂಕಿಗೂ ಅವೇ ತೂತು. ನಡುವೆ ಒಂದು ಗುರುತು ಕಳಿಸಬೇಕು, ಇನ್ನು ಮೇಲೆ ಅಕ್ಷರ, ಇನ್ನು ಮೇಲೆ ಅಂಕಿ ಅಂತ. ಮಳೆಗಾಲದಲ್ಲಿ ಲೈನು ಕೆಟ್ಟು ಆ ಗುರುತು ಬಿದ್ದುಹೋದರೆ, ಟಿ-ಓ ಅಂತ ಕಳಿಸಿದ್ದು ಆ ಕಡೆ 59 ಅಂತ ಬರ್ತಿತ್ತು. ನಿನ್ನ ಅಪ್ಪನ ಒಂಬತ್ತು ನೋಡು, ನಮ್ಮಲ್ಲೂ ಓ ಅಂದರೆ ಒಂಬತ್ತೇ."

2013ರ ಜುಲೈನಲ್ಲಿ ತಂತಿ ನಿಂತಾಗ ಮಾಮಿ ತಮಗೇ ಒಂದು ತಂತಿ ಕಳಿಸಿಕೊಂಡಿದ್ದರು. ಅದನ್ನು ದೇವರ ಮನೆಯ ಡಬ್ಬಿಯಲ್ಲಿ ಇಟ್ಟಿದ್ದಾರೆ.

ಒಂಬತ್ತುಗಳನ್ನೆಲ್ಲ ಒಂದೊಂದಾಗಿ ತಿದ್ದಿದೆ. ಮೂರು ದಿನ ಹಿಡಿಯಿತು. ಮೂವತ್ತನಾಲ್ಕನೇ ಪುಟಕ್ಕೆ ಬಂದಾಗ ಕೈ ನಿಂತಿತು. ಹೈಸ್ಕೂಲಿನಲ್ಲಿ ಹಳಗನ್ನಡ ಪಾಠ ಮಾಡಿದ ನೆನಪು ಅದು. ಅಲ್ಲಿ ನಡುನಡುವೆ ಖಾಲಿ ಜಾಗ. 'ಮ' ಬರೆದು ಜಾಗ ಬಿಟ್ಟಿದ್ದರು, 'ಬಾ' ಬರೆದು ಜಾಗ, 'ಏ' ಬರೆದು ಜಾಗ, 'ಕೋ' ಬರೆದು ಜಾಗ. ಪಕ್ಕದಲ್ಲಿ ಕಂಸದೊಳಗೆ: 'ಇಲ್ಲಿ ರಳ. ಅಚ್ಚಾದ ಮೇಲೆ ಕೈಯಲ್ಲಿ ಬರೆಯಬೇಕು.'

ರಳ ಎಂದರೆ ೞ. ಹಳಗನ್ನಡದಲ್ಲಿ ಮಳೆ ಎಂದರೆ ಮೞೆ, ಬಾಳೆ ಎಂದರೆ ಬಾೞೆ. ಕನ್ನಡದ ನಾಲಿಗೆ ಅದನ್ನು ಬಹಳ ಹಿಂದೆಯೇ ಬಿಟ್ಟುಬಿಟ್ಟಿತು. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ರಳ ಇರುವ ಪದಗಳನ್ನು ಪಟ್ಟಿ ಮಾಡಿಕೊಡಬೇಕಾಯಿತು. ಅಪ್ಪನಿಗೆ ಕೀಲಿಮಣೆಯಲ್ಲಿ ಅದು ಸಿಗಲಿಲ್ಲ. ಳ ಹಾಕಿ ಮುಂದೆ ಹೋಗಲು ಅವರ ಮನಸ್ಸು ಒಪ್ಪಲಿಲ್ಲ.

ಯೂನಿಕೋಡಿನಲ್ಲಿ ಅದಿದೆ. ಎಲ್ಲಿದೆ ಎಂಬುದನ್ನು ಹೇಳಬೇಕು. ತಮಿಳಿನ ಳ 2995, ೞ 2996. ಎರಡು ಮನೆ ದಾಟಿ 256 ಕೂಡಿಸಿದರೆ ನಮ್ಮ ಳ ಸರಿಯಾಗಿ 3251ರಲ್ಲಿ ಸಿಗುತ್ತದೆ. ಮುಂದಿನ 3252 ಖಾಲಿ. ೞ ಇರಬೇಕಾದ ಕೋಣೆಯದು. ನಮ್ಮ ೞ ಹಿಂದುಗಡೆ 3294ರಲ್ಲಿದೆ, ನಾಗರಿಯ ಮನೆಯಲ್ಲಿ ಚುಕ್ಕೆ ಹಾಕಿದ ಫ಼ ಇರುವ ಕೋಣೆಯ ನೇರಕ್ಕೆ. ಪಟ್ಟಿಯಲ್ಲಿ ಅದರ ಹೆಸರೂ ಕನ್ನಡ ಅಕ್ಷರ ಫ಼ ಎಂದೇ ಆಗಿದೆ. ಅದು ತಪ್ಪು ಎಂದು ಯೂನಿಕೋಡಿನವರೇ ಒಪ್ಪಿ ಸರಿಯಾದ ಹೆಸರನ್ನು ಪಕ್ಕದಲ್ಲಿ ಬರೆದಿದ್ದಾರೆ. ಆದರೆ ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಬಾರದು ಎನ್ನುವುದು ಅಲ್ಲಿನ ಕಟ್ಟುಪಾಡು. ಬದಲಿಸಿದರೆ ಹಳೆಯ ಹೆಸರು ನಂಬಿಕೊಂಡ ತಂತ್ರಾಂಶಗಳು ದಾರಿ ತಪ್ಪುತ್ತವೆ. ಕಟ್ಟುಪಾಡು ನನಗೆ ಅರ್ಥವಾಗುತ್ತದೆ. ಸಾವಿರ ವರ್ಷ ಹಳೆಯ ಕನ್ನಡ ಅಕ್ಷರ ಬೇರೆಯವರ ಹೆಸರು ಹೊತ್ತು ಹಿಂದಿನ ಕೋಣೆಯಲ್ಲಿರುವುದು ನೋವು ಕೊಡುತ್ತದೆ.

ಸಂಜೆ ಲ್ಯಾಪ್‌ಟಾಪ್ ಹಿಡಿದು ಮತ್ತೆ ಗೋಡೆಗೆ ಹೋದೆ. "ಮಾಮಿ, ನಾನು ಹೇಳಿದ್ದನ್ನು ತಮಿಳಿನಲ್ಲಿ ಹೇಳಿ. ಬಾಳೆ?"

"ವಾೞೈ."

ಅಪ್ಪನ ಖಾಲಿ ಜಾಗದಲ್ಲಿ ೞೆ ಒತ್ತಿದೆ.

"ಏಳು?"

"ಏೞು. ಯಾಕಮ್ಮಾ?"

"ಹೇಳ್ತೀನಿ. ಕೋಳಿ?"

"ಕೋೞಿ."

ಅಪ್ಪ ತರಗತಿಯಲ್ಲಿ ನಾಲಿಗೆ ಮಡಿಸಿ ತೋರಿಸಿ, ಮಕ್ಕಳಿಂದ ಹೇಳಿಸಲು ಒದ್ದಾಡುತ್ತಿದ್ದ ಆ ದನಿ ಮಾಮಿಯ ಬಾಯಲ್ಲಿ ನೀರು ಕುಡಿದಷ್ಟು ಸಲೀಸಾಗಿ ಬರುತ್ತಿತ್ತು. ಇನ್ನೊಂದೇ ಜಾಗ ಉಳಿದಿತ್ತು. ಕೇಳುವಷ್ಟರಲ್ಲಿ ನುಗ್ಗೆ ಮರದ ಎಲೆ ಅಲ್ಲಾಡಿತು, ಒಂದು ದಪ್ಪ ಹನಿ ಕೀಲಿಮಣೆಯ ಮೇಲೆ ಬಿತ್ತು. ಮಾಮಿ ತಲೆಯೆತ್ತಿ ನೋಡಿ ಸಂಡಿಗೆಯ ಕಡೆ ಓಡಿದರು.

"ಮೞೈ! ಮೞೈ ಬಂತು, ಆ ಸೀರೆಯ ತುದಿ ಹಿಡ್ಕೊಳಮ್ಮಾ!"

ಒಂದು ಕೈಯಲ್ಲಿ ಸೀರೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಒತ್ತಿದೆ: ಮೞೆ.